ಕಾಣದ ಬಲವನ್ನು ತೂಗಿದ ಕೂಲಂಬ್

ಈ ಸಲದ ಗೋಡೆಪತ್ರಿಕೆಯಲ್ಲಿ ವಿಜ್ಞಾನಿಯ ಪರಿಚಯ ಬರೆಯುವ ಸರದಿ ನನ್ನದು. ಹಿಂದಿನ ಸಂಚಿಕೆಗಳಲ್ಲಿ ನ್ಯೂಟನ್, ಸಿ.ವಿ. ರಾಮನ್, ಮೇಡಂ ಕ್ಯೂರಿ ಎಲ್ಲರೂ ಬಂದು ಹೋದರು. ನಾನು ಆರಿಸಿಕೊಂಡಿರುವುದು ಕೂಲಂಬ್ ಅವರನ್ನು. ಈ ಹೆಸರು ಹೇಳಿದಾಗ ನಮ್ಮ ಗುಂಪಿನಲ್ಲಿ ಕೆಲವರು, ಅದು ಮನುಷ್ಯನ ಹೆಸರಾ ಅಂತ ಕೇಳಿದರು. ಅವರು ಕೇಳಿದ್ದು ಸರಿಯೇ. ವಿದ್ಯುತ್ ಪಾಠದಲ್ಲಿ ಆವೇಶದ ಏಕಮಾನ ಕೂಲಂಬ್ ಅಂತ ಬರುತ್ತದೆ. ಲೀಟರ್, ಮೀಟರ್ ಇದ್ದ ಹಾಗೆ ಇದೂ ಒಂದು ಅಳತೆ ಅಂದುಕೊಂಡು ನಾವು ಮುಂದಿನ ಸಾಲಿಗೆ ಹೋಗಿಬಿಡುತ್ತೇವೆ.

ನನ್ನ ಅಕ್ಕ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಅವಳ ಭೌತಶಾಸ್ತ್ರದ ಮೊದಲನೇ ಪಾಠದಲ್ಲೇ ಕೂಲಂಬ್ ಅವರ ನಿಯಮ ಇದೆ. ಒಂದು ಆವೇಶ ಇಲ್ಲಿ, ಒಂದು ಅಲ್ಲಿ, ಇನ್ನೊಂದು ಮೂಲೆಯಲ್ಲಿ ಇಟ್ಟು, ನಡುವಿನ ಒಂದು ಬಿಂದುವಿನಲ್ಲಿ ಒಟ್ಟು ವಿದ್ಯುತ್ ಕ್ಷೇತ್ರ ಎಷ್ಟು ಅಂತ ಕೇಳುವ ಲೆಕ್ಕಗಳು ಅದರಲ್ಲಿ ಸಾಲುಸಾಲಾಗಿವೆ. ಆ ಲೆಕ್ಕಗಳನ್ನು ನೋಡುತ್ತಾ ನನಗೊಂದು ಪ್ರಶ್ನೆ ಬಂತು. ಕೂಲಂಬ್ ಅಳೆದದ್ದು ಎರಡೇ ಎರಡು ಪುಟ್ಟ ಗುಂಡುಗಳ ನಡುವಿನ ಬಲವನ್ನು. ಹತ್ತು ಆವೇಶ ಇದ್ದರೂ ಅದೇ ನಿಯಮ ಹೇಗೆ ಸಾಕಾಗುತ್ತದೆ? ಇದಕ್ಕೆ ಉತ್ತರ ಹುಡುಕುತ್ತಾ ಅವರ ಜೀವನವನ್ನೂ ಓದಿದೆ. ಓದಿದ ಮೇಲೆ ನನಗೆ ಲೆಕ್ಕಕ್ಕಿಂತ ಮನುಷ್ಯ ಹೆಚ್ಚು ಹಿಡಿಸಿದರು. ಎರಡನ್ನೂ ಬರೆಯುತ್ತೇನೆ. ಸ್ವಲ್ಪ ಉದ್ದವಾಗಿದೆ, ಅದಕ್ಕೇ ಈ ಸಲ ನನಗೆ ನಾಲ್ಕು ಡ್ರಾಯಿಂಗ್ ಹಾಳೆ ಬೇಕಾದವು.

ಚಾರ್ಲ್ಸ್ ಅಗಸ್ಟಿನ್ ಕೂಲಂಬ್ ಹುಟ್ಟಿದ್ದು 1736ರ ಜೂನ್ 14ರಂದು, ಫ್ರಾನ್ಸ್ ದೇಶದ ನೈಋತ್ಯ ಭಾಗದ ಅಂಗುಲೇಮ್ ಎಂಬ ಊರಿನಲ್ಲಿ. ನಾವು ಕೂಲಂಬ್ ಅನ್ನುತ್ತೇವೆ, ಅವರ ದೇಶದವರು ಕೊನೆಯ ಅಕ್ಷರವನ್ನು ನುಂಗಿ ಕುಲೋಂ ಅನ್ನುತ್ತಾರೆ. ಮನೆಯವರು ಪ್ಯಾರಿಸ್ಸಿಗೆ ಬಂದರು, ಹುಡುಗ ಅಲ್ಲಿ ಓದಿದ. ತಾಯಿಗೆ ಮಗ ಡಾಕ್ಟರ್ ಆಗಲಿ ಅಂತ ಆಸೆ. ಮಗನಿಗೆ ಗಣಿತದ ಹುಚ್ಚು. (ಈ ಜಗಳ ನಮ್ಮ ಊರಲ್ಲೂ ಎಷ್ಟೋ ಮನೆಯಲ್ಲಿ ಇದೆ, ಹೆಸರು ಹೇಳುವುದು ಬೇಡ.) ತಾಯಿ ಸಿಟ್ಟಾಗಿ ಮಗನನ್ನು ದೂರ ಮಾಡಿದರು. ತಂದೆ ಅಷ್ಟರಲ್ಲಿ ವ್ಯವಹಾರದಲ್ಲಿ ಹಣ ಕಳೆದುಕೊಂಡು ದಕ್ಷಿಣದ ಮಾಂಟ್‌ಪೆಲಿಯರ್ ಪಟ್ಟಣಕ್ಕೆ ಹೋಗಿದ್ದರು. ಹುಡುಗ ಅವರ ಹತ್ತಿರ ಹೋದ. ಅಲ್ಲಿನ ವಿಜ್ಞಾನ ಸಂಘದಲ್ಲಿ 1757ರಲ್ಲಿ ಸದಸ್ಯನಾಗಿ, ಗಣಿತ ಮತ್ತು ಖಗೋಳದ ಬಗ್ಗೆ ಪ್ರಬಂಧಗಳನ್ನು ಓದಿದ. ಆಗ ವಯಸ್ಸು ಇಪ್ಪತ್ತೊಂದೂ ಆಗಿರಲಿಲ್ಲ.

ಆದರೆ ಪ್ರಬಂಧದಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಮೆಜಿಯೇರ್ ಎಂಬಲ್ಲಿದ್ದ ಸೈನ್ಯದ ಇಂಜಿನಿಯರಿಂಗ್ ಶಾಲೆಗೆ ಸೇರಿ 1761ರಲ್ಲಿ ಓದು ಮುಗಿಸಿದರು. 1764ರಲ್ಲಿ ಅವರನ್ನು ವೆಸ್ಟ್ ಇಂಡೀಸ್‌ನ ಮಾರ್ಟಿನಿಕ್ ದ್ವೀಪಕ್ಕೆ ಕಳಿಸಿದರು. ಆ ದ್ವೀಪ ಏಳು ವರ್ಷಗಳ ಯುದ್ಧದಲ್ಲಿ ಇಂಗ್ಲಿಷರ ಕೈಗೆ ಹೋಗಿ ವಾಪಸ್ ಬಂದಿತ್ತು. ಮತ್ತೆ ಹೋಗಬಾರದು ಅಂತ ಗುಡ್ಡದ ಮೇಲೆ ಬೂರ್ಬನ್ ಕೋಟೆ ಕಟ್ಟಿಸುವ ಕೆಲಸ ಇವರ ತಲೆಗೆ ಬಂತು. ನೂರಾರು ಕೆಲಸಗಾರರು, ಜಾಸ್ತಿ ಬಿಸಿಲು, ಜ್ವರದ ಊರು. ಆ ದ್ವೀಪದಲ್ಲಿ ಆಗ ಗುಲಾಮಗಿರಿ ಇತ್ತು ಅನ್ನುವುದನ್ನೂ ಇಲ್ಲಿ ಬರೆಯಬೇಕು, ಯಾಕೆಂದರೆ ಇಂಥ ಕಡೆ ಏಳುವ ಕೋಟೆಯ ಕಥೆಯಲ್ಲಿ ಇಂಜಿನಿಯರ್ ಹೆಸರು ಮಾತ್ರ ಉಳಿಯುತ್ತದೆ. ಕೂಲಂಬ್ ಎಂಟು ವರ್ಷ ಅಲ್ಲಿದ್ದರು. ಪದೇ ಪದೇ ಕಾಯಿಲೆ ಬಿದ್ದರು. 1772ರಲ್ಲಿ ಫ್ರಾನ್ಸಿಗೆ ತಿರುಗಿ ಬಂದಾಗ ಕೆಟ್ಟಿದ್ದ ಆರೋಗ್ಯ ಮತ್ತೆ ಪೂರ್ತಿ ಸರಿಯಾಗಲೇ ಇಲ್ಲ.

ಈ ಕೋಟೆ ಕೆಲಸಕ್ಕೂ ವಿದ್ಯುತ್ತಿಗೂ ಏನು ಸಂಬಂಧ ಅಂತ ಕೇಳಬಹುದು. ನನ್ನ ಅನಿಸಿಕೆಯಲ್ಲಿ ಎಲ್ಲ ಸಂಬಂಧವೂ ಅಲ್ಲೇ ಇದೆ. ಗುಡ್ಡ ಕಡಿದು ಮಣ್ಣು ಜಾರದಂತೆ ಗೋಡೆ ಕಟ್ಟಬೇಕಾದರೆ, ಅದು ಎಷ್ಟು ದಪ್ಪ ಇರಬೇಕು? ತೆಳು ಆದರೆ ಗೋಡೆ ಬೀಳುತ್ತೆ, ದಪ್ಪ ಆದರೆ ರಾಜನ ದುಡ್ಡು ಹಾಳು. ಅಂದಾಜಿನ ಮೇಲೆ ಕಟ್ಟುವ ಕಾಲದಲ್ಲಿ ಕೂಲಂಬ್ ಲೆಕ್ಕ ಹಾಕಲು ಕೂತರು. ಮಣ್ಣಿನ ಭಾರ ಕೆಳಕ್ಕೆ ಎಳೆಯುತ್ತದೆ. ಮಣ್ಣಿನ ಪದರಗಳ ನಡುವಿನ ಘರ್ಷಣೆ ಜಾರುವುದನ್ನು ತಡೆಯುತ್ತದೆ. ಗೋಡೆ ಅಡ್ಡಲಾಗಿ ತಳ್ಳುತ್ತದೆ. ಒಂದೊಂದರ ದಿಕ್ಕೂ ಬೇರೆ. ದಿಕ್ಕು ನೋಡಿ ಇವನ್ನೆಲ್ಲ ಕೂಡಿದರೇನೇ ಗೋಡೆ ನಿಲ್ಲುತ್ತದೋ ಇಲ್ಲವೋ ಗೊತ್ತಾಗುವುದು. 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಅವರು ಮಂಡಿಸಿದ ಈ ಪ್ರಬಂಧ 1776ರಲ್ಲಿ ಅಚ್ಚಾಯಿತು. ಸಿವಿಲ್ ಇಂಜಿನಿಯರಿಂಗ್ ಓದುವವರು ಈಗಲೂ ಕೂಲಂಬ್ ಅವರ ಮಣ್ಣಿನ ಒತ್ತಡದ ಸಿದ್ಧಾಂತ ಓದುತ್ತಾರೆ.

ಆಮೇಲೆ ಘರ್ಷಣೆಯ ಕೆಲಸ. ರೋಷ್‌ಫೋರ್ ಎಂಬ ಬಂದರಿನ ಹಡಗು ಕಟ್ಟೆಯಲ್ಲಿ, ಪುಟ್ಟ ಮರದ ತುಂಡಲ್ಲ, ನಿಜವಾದ ದಿಮ್ಮಿಗಳು, ಹಗ್ಗ, ರಾಟೆ, ಭಾರಗಳನ್ನು ಇಟ್ಟುಕೊಂಡು ಎಳೆದು ಎಳೆದು ನೋಡಿದರು. ಘರ್ಷಣೆ ಮುಖ್ಯವಾಗಿ ಅವಲಂಬಿಸುವುದು ಭಾರವನ್ನು, ತಾಗಿರುವ ಜಾಗದ ಅಗಲವನ್ನಲ್ಲ ಎಂಬುದನ್ನು ಗಟ್ಟಿ ಮಾಡಿದರು. ಇದಕ್ಕೆ 1781ರಲ್ಲಿ ಅಕಾಡೆಮಿಯ ಬಹುಮಾನವೂ ಸದಸ್ಯತ್ವವೂ ಸಿಕ್ಕಿ, ಅವರು ಪ್ಯಾರಿಸ್ಸಿನಲ್ಲಿ ನೆಲೆ ನಿಂತರು.

ಈಗ ಜೈಲಿನ ಕಥೆ. ಬ್ರಿಟನಿ ಅಂತ ಫ್ರಾನ್ಸಿನ ಪಶ್ಚಿಮದ ಒಂದು ಪ್ರಾಂತ. (ಬ್ರಿಟನ್ ಅಲ್ಲ, ಗಮನಿಸಿ.) ಅಲ್ಲಿ ಕಾಲುವೆ ತೋಡಿ ಬಂದರು ಅಭಿವೃದ್ಧಿ ಮಾಡಬೇಕು ಅಂತ ದೊಡ್ಡ ದೊಡ್ಡವರು ಯೋಜನೆ ಹಾಕಿದ್ದರು. ಪರಿಶೀಲನೆಗೆ 1783ರಲ್ಲಿ ಕೂಲಂಬ್ ಹೋದರು. ಸುತ್ತಾಡಿ ನೋಡಿ, ಈ ಯೋಜನೆಯಿಂದ ಸಿಗುವ ಲಾಭ ಖರ್ಚಿಗೆ ಸಾಟಿಯಾಗುವುದಿಲ್ಲ ಎಂಬ ಅಭಿಪ್ರಾಯ ಕೊಟ್ಟರು. ಯೋಜನೆಯವರಿಗೆ ಇದು ಹಿಡಿಸಲಿಲ್ಲ. ಮೇಲಿನವರ ಸರಿಯಾದ ಅಪ್ಪಣೆ ಇಲ್ಲದೆ ಹೋಗಿದ್ದರು ಎಂಬ ನೆಪ ಸಿಕ್ಕಿತು. ಒಂದು ವಾರ ಪ್ಯಾರಿಸ್ಸಿನ ಸೆರೆಮನೆಯಲ್ಲಿ ಇಟ್ಟರು. ಬೇಸತ್ತು ರಾಜೀನಾಮೆ ಕೊಡಲು ಹೋದರೆ ಅದನ್ನೂ ತೆಗೆದುಕೊಳ್ಳಲಿಲ್ಲ, ಮತ್ತೆ ಬ್ರಿಟನಿಗೇ ಕಳಿಸಿದರು. ಸೆರೆಮನೆ ಕಂಡು ಬಂದವರು ಈ ಸಲ ಬೇರೆ ವರದಿ ಕೊಡುತ್ತಾರೆ ಅಂತ ಎಲ್ಲರೂ ಕಾದಿರಬೇಕು. ಅವರು ಮೊದಲಿನ ಅಭಿಪ್ರಾಯವನ್ನೇ ಕೊಟ್ಟರು. ಕೊನೆಗೆ ಪ್ರಾಂತದವರಿಗೇ ಅವರ ಮಾತು ಸರಿ ಅನ್ನಿಸಿ, ಹಣ ಕೊಡಲು ಬಂದರು. ಕೂಲಂಬ್ ಹಣ ಮುಟ್ಟಲಿಲ್ಲ. ಸೆಕೆಂಡ್ ತೋರಿಸುವ ಒಂದು ಗಡಿಯಾರ ಮಾತ್ರ ಇಸಿದುಕೊಂಡರು. ಆ ಗಡಿಯಾರ ಮುಂದೆ ಅವರ ಪ್ರಯೋಗಗಳಿಗೆ ಒದಗಿತು ಅಂತ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಯಾಕೆ ಸೆಕೆಂಡ್ ಮುಳ್ಳೇ ಬೇಕಾಗಿತ್ತು ಅಂತ ಇನ್ನು ಸ್ವಲ್ಪ ಕೆಳಗೆ ಗೊತ್ತಾಗುತ್ತದೆ.

ಈಗ ಮುಖ್ಯ ಪ್ರಯೋಗಕ್ಕೆ ಬರೋಣ. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುವ ಆಟ ಎಲ್ಲರೂ ಆಡಿದ್ದೇವೆ. ಆ ಬಲವನ್ನು ಅಳೆಯುವುದು ಹೇಗೆ? ಅಂಗಡಿ ತಕ್ಕಡಿಯಲ್ಲಿ ತೂಗಲು ಆಗಲ್ಲ, ಅಷ್ಟು ಸಣ್ಣದು. ಕೂಲಂಬ್‌ಗೆ ದಾರಿ ಸಿಕ್ಕಿದ್ದು ದಿಕ್ಸೂಚಿಯಿಂದ. ಹಡಗಿನ ದಿಕ್ಸೂಚಿ ಉತ್ತಮಗೊಳಿಸುವ ಬಗ್ಗೆ ಅವರು ಬರೆದ ಪ್ರಬಂಧಕ್ಕೆ 1777ರಲ್ಲಿ ಬಹುಮಾನ ಬಂದಿತ್ತು, ಇನ್ನೊಬ್ಬರ ಜೊತೆ ಹಂಚಿಕೊಂಡದ್ದು. ಮುಳ್ಳನ್ನು ಮೊಳೆಯ ಮೇಲೆ ಕೂರಿಸುವ ಬದಲು ದಾರದಲ್ಲಿ ತೂಗುಬಿಡಬೇಕು ಎಂಬುದು ಅವರ ಸಲಹೆ. ಹಾಗೆ ಮಾಡಿದಾಗ ದಾರ ತಿರುಚಿಕೊಳ್ಳುವುದು ಎಷ್ಟು ಅಡ್ಡಿ ಮಾಡುತ್ತದೆ ಅಂತ ನೋಡಬೇಕಾಯಿತು. ಅಡ್ಡಿಯನ್ನು ಅಳೆಯುತ್ತಾ ಅಳೆಯುತ್ತಾ, ಅದನ್ನೇ ತಕ್ಕಡಿ ಮಾಡಿಕೊಂಡರು!

ಉಯ್ಯಾಲೆಯ ಹಗ್ಗ ಹುರಿ ಮಾಡಿ ಬಿಟ್ಟರೆ ಅದು ಗಿರಗಿರ ಅಂತ ಬಿಚ್ಚಿಕೊಳ್ಳುತ್ತದಲ್ಲ, ಹಾಗೆಯೇ ಲೋಹದ ತಂತಿಯೂ. ತಿರುಚಿದರೆ ಎದುರು ತಿರುಗಲು ನೋಡುತ್ತದೆ. ಎರಡರಷ್ಟು ಕೋನ ತಿರುಚಿದರೆ ಎರಡರಷ್ಟು ಎದುರಿಸುತ್ತದೆ. ತಂತಿಯ ದಪ್ಪ ಅರ್ಧ ಮಾಡಿದರೆ ಈ ಎದುರು ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಇದನ್ನು ಅವರು 1784ರ ಪ್ರಬಂಧದಲ್ಲಿ ತೋರಿಸಿದರು. ಅಂದರೆ ತಂತಿ ಕೂದಲಿನಂತೆ ತೆಳು ಆದಷ್ಟೂ ಸಣ್ಣಾತಿಸಣ್ಣ ಬಲ ಅಳೆಯಬಹುದು.

1785ರ ತಿರುಚು ತಕ್ಕಡಿ ಹೀಗಿತ್ತು. ಹನ್ನೆರಡು ಇಂಚು ಅಗಲ, ಅಷ್ಟೇ ಎತ್ತರದ ಗಾಜಿನ ಪಾತ್ರೆ. (ಅಂದಿನ ಫ್ರೆಂಚ್ ಇಂಚು ನಮ್ಮದಕ್ಕಿಂತ ತುಸು ದೊಡ್ಡದು.) ಮೇಲೆ ಗಾಜಿನ ಮುಚ್ಚಳ, ಅದರ ಮೇಲೆ ಎರಡು ಅಡಿ ಗಾಜಿನ ಕೊಳವೆ. ಕೊಳವೆಯ ತುದಿಯಿಂದ ಇಳಿಬಿಟ್ಟ ತೆಳುವಾದ ಬೆಳ್ಳಿ ತಂತಿ. ತಂತಿಯ ಕೆಳತುದಿಗೆ ಅಡ್ಡಲಾಗಿ ಅರಗು ಬಳಿದ ಹಗುರ ಕಡ್ಡಿ. ಕಡ್ಡಿಯ ಒಂದು ಕೊನೆಗೆ ಬೆಂಡಿನ ಗುಂಡು, ನಮ್ಮ ಕಡೆ ಬಾಸಿಂಗಕ್ಕೆ ಬಳಸುವ ಬೆಂಡಿನಂಥದ್ದು, ಕಾಳಿನಷ್ಟು ದಪ್ಪ. ಇನ್ನೊಂದು ಕೊನೆಗೆ ಸರಿತೂಕಕ್ಕೆ ಕಾಗದದ ಬಿಲ್ಲೆ. ಪಾತ್ರೆಯ ಸುತ್ತ ಕೋನದ ಗುರುತು ಹಾಕಿದ ಕಾಗದದ ಪಟ್ಟಿ. ಅಂಥದ್ದೇ ಇನ್ನೊಂದು ಬೆಂಡಿನ ಗುಂಡು ಮುಚ್ಚಳದ ತೂತಿನಿಂದ ಇಳಿದು ಅಲ್ಲಾಡದೆ ನಿಂತಿರುತ್ತದೆ, ಮೊದಲ ಗುಂಡಿಗೆ ತಾಗಿಕೊಂಡು.

ಆವೇಶ ತುಂಬಿದ ಗುಂಡುಸೂಜಿಯ ತಲೆಯನ್ನು ಸೋಕಿಸಿದ ತಕ್ಷಣ ಎರಡು ಗುಂಡಿಗೂ ಒಂದೇ ಜಾತಿಯ ಆವೇಶ ಬಂತು. ಅವು ಒಂದನ್ನೊಂದು ತಳ್ಳಿ 36 ಡಿಗ್ರಿ ದೂರ ನಿಂತವು. ತಂತಿಯ ತಿರುಚು 36. ಈಗ ಮೇಲಿನ ಗುಬುಟನ್ನು ಎದುರು ದಿಕ್ಕಿಗೆ 126 ಡಿಗ್ರಿ ತಿರುಗಿಸಿ ಗುಂಡುಗಳನ್ನು ಹತ್ತಿರಕ್ಕೆ ಒತ್ತಿದರು. ಅವು 18 ಡಿಗ್ರಿಗೆ ಬಂದವು. ಒಟ್ಟು ತಿರುಚು 126 ಮತ್ತು 18 ಸೇರಿ 144. ದೂರ ಅರ್ಧ, ಬಲ ನಾಲ್ಕರಷ್ಟು. ಮತ್ತೆ ತಿರುಗಿಸಿ ಗುಬುಟಿನ ತಿರುಗು 567 ಆದಾಗ ಗುಂಡುಗಳು ಎಂಟೂವರೆ ಡಿಗ್ರಿಯಲ್ಲಿ ನಿಂತವು. ಒಟ್ಟು 575.5. ಇದು 144ರ ನಾಲ್ಕರಷ್ಟಕ್ಕೆ ಅರ್ಧ ಡಿಗ್ರಿ ಮಾತ್ರ ಕಡಿಮೆ. ನಿಯಮದ ಪ್ರಕಾರ ಗುಂಡುಗಳು ಸರಿಯಾಗಿ 9 ಡಿಗ್ರಿಯಲ್ಲಿ ನಿಲ್ಲಬೇಕಿತ್ತು. ಎಂಟೂವರೆಯಲ್ಲಿ ನಿಂತವು. ಕೂಲಂಬ್ ಅದನ್ನು 9 ಅಂತ ತಿದ್ದದೆ ಬಂದದ್ದನ್ನು ಬಂದ ಹಾಗೆ ಬರೆದಿದ್ದಾರೆ. ಈ ಪ್ರಯೋಗ ಎಷ್ಟು ನಾಜೂಕು ಅಂದರೆ, ಜರ್ಮನಿಯ ಪೀಟರ್ ಹೀರಿಂಗ್ ಎಂಬವರು ಅಂಥದ್ದೇ ತಕ್ಕಡಿ ಮಾಡಿ ನೋಡಿ, ತಮಗೆ ಈ ಅಂಕಿಗಳು ಬರಲಿಲ್ಲ ಅಂತ 1992ರಲ್ಲಿ ಪ್ರಕಟಿಸಿದರು. 2006ರಲ್ಲಿ ಆಲ್ಬರ್ಟೋ ಮಾರ್ಟಿನೆಜ್ ಎಂಬವರು ಮತ್ತೆ ಮಾಡಿ, ಕೂಲಂಬ್ ಹೇಳಿದ ಹಾಗೇ ಬರುತ್ತದೆ ಅಂತ ತೋರಿಸಿದರು. ಇನ್ನೂರು ವರ್ಷ ಆದ ಮೇಲೂ ಜನ ಈ ಮೂರು ಅಂಕಿಗಳ ಹಿಂದೆ ಬಿದ್ದಿದ್ದಾರೆ ನೋಡಿ.

ತಳ್ಳುವ ಬಲ ಆಯಿತು. ಸೆಳೆಯುವ ಬಲಕ್ಕೆ ಈ ತಕ್ಕಡಿ ಕೈಕೊಟ್ಟಿತು, ಗುಂಡುಗಳು ಸೆಳೆದುಕೊಂಡು ಹೋಗಿ ಅಂಟಿಕೊಂಡುಬಿಡುತ್ತಿದ್ದವು. ಆಗ ಬೇರೆ ಉಪಾಯ ಮಾಡಿದರು. ಒಂದು ಅಡಿ ಅಗಲದ ದೊಡ್ಡ ಗೋಳಕ್ಕೆ ಆವೇಶ ಕೊಟ್ಟು, ಅದರ ಮುಂದೆ ರೇಷ್ಮೆ ದಾರದಲ್ಲಿ ಸಣ್ಣ ಕಡ್ಡಿಯೊಂದನ್ನು ತೂಗಿಬಿಟ್ಟರು. ಕಡ್ಡಿ ಅತ್ತಿತ್ತ ಆಡುತ್ತದೆ. ಸೆಳೆತ ಜೋರಾದರೆ ಬೇಗ ಬೇಗ, ಕಡಿಮೆಯಾದರೆ ನಿಧಾನ. ಇಲ್ಲೇ ಬೇಕಾದದ್ದು ಸೆಕೆಂಡ್ ಮುಳ್ಳು. ಗೋಳದ ಕೇಂದ್ರದಿಂದ 9 ಇಂಚು ದೂರದಲ್ಲಿ 15 ಆಟಕ್ಕೆ 20 ಸೆಕೆಂಡ್, 18 ಇಂಚಿನಲ್ಲಿ 41, 24 ಇಂಚಿನಲ್ಲಿ 60. ನಿಯಮ ಪಕ್ಕಾ ಇದ್ದರೆ 20, 40, ಸುಮಾರು 54 ಬರಬೇಕು. 60 ಯಾಕೆ ಬಂತು? ಪ್ರಯೋಗ ನಡೆಯುತ್ತಿರುವಾಗಲೇ ಆವೇಶ ಗಾಳಿಗೆ ಸೋರಿ ಹೋಗುತ್ತಿತ್ತು. ಸೋರಿಕೆಯ ಲೆಕ್ಕವನ್ನೂ ಹಿಡಿದಾಗ ವ್ಯತ್ಯಾಸ ಕಡಿಮೆಯಾಯಿತು. ಮುಂದೆ ಈ ಸೋರಿಕೆಯ ಮೇಲೆಯೇ ಒಂದು ಪ್ರಬಂಧ ಬರೆದರು. 1785ರಿಂದ 1791ರವರೆಗೆ ವಿದ್ಯುತ್ ಮತ್ತು ಕಾಂತದ ಮೇಲೆ ಒಟ್ಟು ಏಳು ಪ್ರಬಂಧ.

ಈಗ ನಾನು ಮೊದಲು ಕೇಳಿದ ಪ್ರಶ್ನೆ. ಮೇಲಿನ ಗೋಳವನ್ನೇ ನೋಡಿ. ಆವೇಶ ಅದರ ಮೈಮೇಲೆಲ್ಲ ಹರಡಿದೆ, ಕೋಟಿ ಕೋಟಿ ಚುಕ್ಕಿಗಳ ಹಾಗೆ. ಕಡ್ಡಿಯನ್ನು ಸೆಳೆಯುವುದು ಅಷ್ಟೂ ಚುಕ್ಕಿಗಳು, ಒಂದೊಂದೂ ಬೇರೆ ದೂರದಿಂದ, ಬೇರೆ ದಿಕ್ಕಿನಿಂದ. ಹಾಗಿದ್ದೂ ಕೂಲಂಬ್ ದೂರ ಅಳೆದದ್ದು ಕೇಂದ್ರದಿಂದ. ಯಾಕೆ? ದೂರದ ವರ್ಗಕ್ಕೆ ತಕ್ಕಂತೆ ಬಲ ಕಡಿಮೆಯಾಗುವುದಾದರೆ, ಗೋಳದ ಮೇಲಿನ ಎಲ್ಲ ಚುಕ್ಕಿಗಳ ಸೆಳೆತ ಕೂಡಿದಾಗ ಅದು ಎಲ್ಲ ಆವೇಶವನ್ನೂ ಕೇಂದ್ರದಲ್ಲೇ ಇಟ್ಟ ಹಾಗೆ ಬರುತ್ತದೆ. ಇದನ್ನು ಗುರುತ್ವಕ್ಕೆ ನ್ಯೂಟನ್ ಮೊದಲೇ ತೋರಿಸಿಕೊಟ್ಟಿದ್ದರು. ಟೊಳ್ಳು ಗೋಳದ ಒಳಗೆ ನಿಂತರೆ ಎಲ್ಲ ಕೂಡಿ ಸೊನ್ನೆ! ಹೀಗೆ ಎರಡು ಗುಂಡಿನ ನಿಯಮ ಸಾಲುವುದು ಕೂಡುವುದು ಗೊತ್ತಿದ್ದರೆ ಮಾತ್ರ.

ಕೂಡುವುದರಲ್ಲಿ ಎರಡು ವಿಷಯ ಇವೆ. ಮೊದಲನೆಯದು, ಒಂದು ಆವೇಶ ಇನ್ನೊಂದರ ಮೇಲೆ ಹಾಕುವ ಬಲ ಮೂರನೆಯದು ಬಂದು ಪಕ್ಕದಲ್ಲಿ ನಿಂತರೂ ಬದಲಾಗುವುದಿಲ್ಲ. ಪ್ರತಿಯೊಂದೂ ಉಳಿದವರು ಇಲ್ಲವೇ ಇಲ್ಲ ಎಂಬಂತೆ ತನ್ನ ಕೆಲಸ ಮಾಡುತ್ತದೆ. ಇದು ತರ್ಕದಿಂದ ಬಂದದ್ದಲ್ಲ, ಪ್ರಕೃತಿಯನ್ನು ನೋಡಿ ತಿಳಿದದ್ದು. ನಮ್ಮ ತರಗತಿಯಲ್ಲಿ ಮೂರನೆಯವನು ಬಂದರೆ ಇಬ್ಬರ ಸ್ನೇಹ ಹಾಗೇ ಇರುತ್ತಾ ಹೇಳಿ! ಎರಡನೆಯದು, ಬಲಕ್ಕೆ ದಿಕ್ಕು ಇದೆ. ಸಂಖ್ಯೆ ಮಾತ್ರ ಕೂಡಿದರೆ ಉತ್ತರ ತಪ್ಪುತ್ತದೆ. ದಿಕ್ಕು ನೋಡಿ ಕೂಡುವುದು ಕೂಲಂಬ್ ಕಂಡುಹಿಡಿದದ್ದಲ್ಲ, ಮೊದಲೇ ಇತ್ತು. ಆದರೆ ಗೋಡೆಯ ಲೆಕ್ಕದಲ್ಲಿ ಅವರ ಕೈ ಪಳಗಿತ್ತು.

ಇನ್ನು ಕ್ಷೇತ್ರ ಎಂಬ ಮಾತು. ಇದು ಕೂಲಂಬ್ ಅವರದಲ್ಲ, ಮೈಕೆಲ್ ಫ್ಯಾರಡೆಯಿಂದ ಬಂದದ್ದು. ಫ್ಯಾರಡೆ ಹುಟ್ಟಿದ್ದೇ 1791ರಲ್ಲಿ. ಒಂದು ಜಾಗದಲ್ಲಿ ಒಂದು ಕೂಲಂಬ್ ಧನ ಆವೇಶ ಇಟ್ಟರೆ ಅದರ ಮೇಲೆ ಬೀಳುವ ಬಲವೇ ಆ ಜಾಗದ ವಿದ್ಯುತ್ ಕ್ಷೇತ್ರ. ಲೆಕ್ಕ ಹೀಗೆ: ಆವೇಶವನ್ನು 900 ಕೋಟಿಯಿಂದ ಗುಣಿಸಿ, ದೂರದ ವರ್ಗದಿಂದ ಭಾಗಿಸಬೇಕು. ಆವೇಶ ಕೂಲಂಬಿನಲ್ಲಿ, ದೂರ ಮೀಟರಿನಲ್ಲಿ ಇರಬೇಕು. ಧನ ಆವೇಶ ತನ್ನಿಂದ ಆಚೆಗೆ ತಳ್ಳುತ್ತದೆ, ಋಣ ಆವೇಶ ತನ್ನ ಕಡೆಗೆ ಸೆಳೆಯುತ್ತದೆ.

900 ಕೋಟಿ ನೋಡಿ ಹೆದರಬೇಡಿ. ಒಂದು ಕೂಲಂಬ್ ಅನ್ನುವುದು ಭಾರೀ ದೊಡ್ಡದು. ಎರಡು ಕಡೆ ಒಂದೊಂದು ಕೂಲಂಬ್ ಇಟ್ಟು ಒಂದು ಮೀಟರ್ ದೂರ ಮಾಡಿದರೆ ಬಲ ಸುಮಾರು 9 ಲಕ್ಷ ಟನ್ ತೂಕದಷ್ಟು! ಅದಕ್ಕೇ ಲೆಕ್ಕಗಳಲ್ಲಿ ನ್ಯಾನೋ ಕೂಲಂಬ್ ಬರುವುದು, ಅಂದರೆ ಕೂಲಂಬಿನ ನೂರು ಕೋಟಿಯಲ್ಲಿ ಒಂದು ಪಾಲು. ನ್ಯಾನೋದಲ್ಲಿ ಇದ್ದರೆ ಬರೀ 9ರಿಂದ ಗುಣಿಸಿದರೆ ಸಾಕು.

ಶಾಲೆಯ ಆಟದ ಬಯಲಿನ ನಡುವೆ ಒಂದು ಗುರುತು ಮಾಡಿ. ಗುರುತಿನ ಪಶ್ಚಿಮಕ್ಕೆ 3 ಮೀಟರ್ ದೂರದಲ್ಲಿ 3 ನ್ಯಾನೋ ಕೂಲಂಬಿನ ಧನ ಆವೇಶ ಇದೆ ಅನ್ನಿ. 9 ಗುಣಿಸು 3, ಅಂದರೆ 27. ದೂರದ ವರ್ಗ 9. ಭಾಗಿಸಿದರೆ 3. ಗುರುತಿನ ಜಾಗದಲ್ಲಿ ಕ್ಷೇತ್ರ ಪೂರ್ವಕ್ಕೆ 3 ನ್ಯೂಟನ್ ಪ್ರತಿ ಕೂಲಂಬ್. ಇನ್ನು ದಕ್ಷಿಣಕ್ಕೆ 3 ಮೀಟರ್ ದೂರದಲ್ಲಿ 4 ನ್ಯಾನೋ ಕೂಲಂಬ್ ಇಡಿ. 36 ಭಾಗಿಸು 9, ಅಂದರೆ ಉತ್ತರಕ್ಕೆ 4. ಎರಡೂ ಸೇರಿ ಎಷ್ಟು? 7 ಅಲ್ಲ. ಪೂರ್ವಕ್ಕೆ 3 ಹೆಜ್ಜೆ, ಉತ್ತರಕ್ಕೆ 4 ಹೆಜ್ಜೆ ನಡೆದು, ಹೊರಟ ಜಾಗದಿಂದ ನೇರ ಹಗ್ಗ ಹಿಡಿದರೆ 5 ಹೆಜ್ಜೆ. ಪೈಥಾಗೊರಸ್! ಒಟ್ಟು ಕ್ಷೇತ್ರ 5, ದಿಕ್ಕು ಈಶಾನ್ಯದ ಕಡೆ, ಪೂರ್ವದಿಂದ ಸುಮಾರು 53 ಡಿಗ್ರಿ ಮೇಲಕ್ಕೆ.

ಮೂರನೆಯದನ್ನು ತನ್ನಿ. ಪೂರ್ವಕ್ಕೆ 3 ಮೀಟರ್ ದೂರದಲ್ಲಿ 3 ನ್ಯಾನೋ ಕೂಲಂಬ್. ಇದು ಪಶ್ಚಿಮಕ್ಕೆ 3 ತಳ್ಳುತ್ತದೆ. ಮೊದಲನೆಯದೂ ಇದೂ ವಜಾ ಆಗಿ ಉಳಿದದ್ದು ಉತ್ತರಕ್ಕೆ 4. ಆವೇಶ ಜಾಸ್ತಿ ಮಾಡಿದ್ದಕ್ಕೆ ಕ್ಷೇತ್ರ 5ರಿಂದ 4ಕ್ಕೆ ಇಳಿಯಿತು ನೋಡಿ! ಆ ಮೂರನೆಯದು ಋಣ ಆಗಿದ್ದರೆ? ತಳ್ಳುವ ಬದಲು ಸೆಳೆಯುತ್ತಿತ್ತು, ಪೂರ್ವಕ್ಕೆ ಒಟ್ಟು 6, ಉತ್ತರಕ್ಕೆ 4, ಕೂಡಿದರೆ ಸುಮಾರು 7.2.

ಆವೇಶ ಓರೆಯಾಗಿ ನಿಂತಿದ್ದರೆ ಸ್ವಲ್ಪ ಕೆಲಸ ಹೆಚ್ಚು. ಮೂರನೆಯದನ್ನು ತೆಗೆದುಬಿಡಿ. ಅದರ ಬದಲು ಗುರುತಿನಿಂದ ಪೂರ್ವಕ್ಕೆ 4 ಮೀಟರ್, ಅಲ್ಲಿಂದ ದಕ್ಷಿಣಕ್ಕೆ 3 ಮೀಟರ್ ಹೋಗಿ 25 ನ್ಯಾನೋ ಕೂಲಂಬ್ ಧನ ಆವೇಶ ಇಡಿ. ನೇರ ದೂರ 5 ಮೀಟರ್. 9 ಗುಣಿಸು 25, ಭಾಗಿಸು 25, ಅಂದರೆ 9. ಇದು ಓರೆಯಾಗಿ ವಾಯವ್ಯದ ಕಡೆ ತಳ್ಳುತ್ತದೆ. ಇದನ್ನು ಎರಡಾಗಿ ಒಡೆಯಬೇಕು. ಐದರಲ್ಲಿ ನಾಲ್ಕು ಪಾಲು ಪಶ್ಚಿಮಕ್ಕೆ, ಅಂದರೆ 7.2. ಐದರಲ್ಲಿ ಮೂರು ಪಾಲು ಉತ್ತರಕ್ಕೆ, ಅಂದರೆ 5.4. (7.2 ಮತ್ತು 5.4 ಕೂಡಿದರೆ 9ಕ್ಕಿಂತ ಹೆಚ್ಚಾಯಿತಲ್ಲ ಅಂತ ಕೇಳಬೇಡಿ, ಅವುಗಳ ವರ್ಗ ಮಾಡಿ ಕೂಡಿ ನೋಡಿ, ಸರಿಯಾಗಿ 81 ಬರುತ್ತದೆ.) ಈಗ ಪೂರ್ವ–ಪಶ್ಚಿಮದ್ದು ಬೇರೆ, ಉತ್ತರ–ದಕ್ಷಿಣದ್ದು ಬೇರೆ ಖಾತೆ ಬರೆಯಿರಿ. ಪೂರ್ವಕ್ಕೆ 3, ಪಶ್ಚಿಮಕ್ಕೆ 7.2, ಉಳಿದದ್ದು ಪಶ್ಚಿಮಕ್ಕೆ 4.2. ಉತ್ತರಕ್ಕೆ 4 ಮತ್ತು 5.4 ಸೇರಿ 9.4. ವರ್ಗಗಳು 17.64 ಮತ್ತು 88.36, ಮೊತ್ತ 106, ವರ್ಗಮೂಲ ಸುಮಾರು 10.3. ದಿಕ್ಕು ನೋಡದೆ 3, 4, 9 ಕೂಡಿದ್ದರೆ 16 ಬರುತ್ತಿತ್ತು. ಆವೇಶ ಮೂರಲ್ಲ ಮುನ್ನೂರಿದ್ದರೂ ಇದೇ ಎರಡು ಖಾತೆ, ಬೇರೆ ಯಾವ ಹೊಸ ನಿಯಮವೂ ಬೇಡ.

ಒಂದು ಎಚ್ಚರಿಕೆ. ಆವೇಶಗಳು ಇಟ್ಟಲ್ಲೇ ಇದ್ದರೆ ಮಾತ್ರ ಹೀಗೆ ನೇರವಾಗಿ ಕೂಡಬಹುದು. ಲೋಹದ ಗೋಳಗಳಾದರೆ ಒಂದು ಹತ್ತಿರ ಬಂದಾಗ ಇನ್ನೊಂದರ ಮೇಲಿನ ಆವೇಶ ಜಾರಿ ಜಾಗ ಬದಲಿಸುತ್ತದೆ. ಕೂಲಂಬ್ ಇದನ್ನೂ ಬಿಡಲಿಲ್ಲ. ಗೋಳಗಳನ್ನು ತಾಗಿಸಿ ಸಾಲಾಗಿ ಇಟ್ಟು, ಯಾವುದರ ಯಾವ ಭಾಗದಲ್ಲಿ ಎಷ್ಟು ಆವೇಶ ಕೂತಿದೆ ಅಂತ ಸಣ್ಣ ಬಿಲ್ಲೆಯಿಂದ ಮುಟ್ಟಿ ತೆಗೆದು ತಕ್ಕಡಿಯಲ್ಲಿ ಅಳೆದರು. ಇದರ ಪೂರ್ತಿ ಗಣಿತ ಬಂದದ್ದು ಅವರು ತೀರಿಕೊಂಡ ಮೇಲೆ, 1812ರ ಸುಮಾರಿಗೆ, ಪಾಯ್ಸನ್ ಎಂಬ ಗಣಿತಜ್ಞರಿಂದ. ಪಾಯ್ಸನ್ ತಮ್ಮ ಉತ್ತರಗಳನ್ನು ಕೂಲಂಬ್ ಅವರ ಅಳತೆಗಳ ಜೊತೆ ತಾಳೆ ನೋಡಿದರು.

ಈ ನಿಯಮವನ್ನು ಮೊದಲು ಕಂಡವರು ಕೂಲಂಬ್ ಒಬ್ಬರೇ ಅಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಇಂಗ್ಲೆಂಡಿನ ಪ್ರೀಸ್ಟ್ಲಿ 1767ರಲ್ಲೇ ಹೀಗಿರಬಹುದು ಅಂತ ಊಹಿಸಿದ್ದರು. ಅದೇ ದೇಶದ ಹೆನ್ರಿ ಕ್ಯಾವೆಂಡಿಶ್ 1770ರ ದಶಕದಲ್ಲಿ ಗೋಳದೊಳಗೆ ಗೋಳ ಇಟ್ಟು ಬಹಳ ನಿಖರವಾಗಿ ತೋರಿಸಿದ್ದರು. ಆದರೆ ಅವರು ಬಲು ಸಂಕೋಚದ ಮನುಷ್ಯ, ಬರೆದದ್ದನ್ನು ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ ಆ ಕಾಗದಗಳನ್ನು ತೆಗೆದು ಅಚ್ಚು ಹಾಕಿಸಿದ್ದು 1879ರಲ್ಲಿ. ಅಷ್ಟರಲ್ಲಿ ನಿಯಮಕ್ಕೆ ಕೂಲಂಬ್ ಹೆಸರು ಕೂತಿತ್ತು.

1789ರಲ್ಲಿ ಫ್ರಾನ್ಸಿನ ಕ್ರಾಂತಿ ಬಂತು. ಕೂಲಂಬ್ 1791ರಲ್ಲಿ ಸೈನ್ಯದ ಕೆಲಸ ಬಿಟ್ಟರು. 1793ರಲ್ಲಿ ಅಕಾಡೆಮಿಯನ್ನೇ ಮುಚ್ಚಿದರು. ಅದೇ ವರ್ಷದ ಕೊನೆಗೆ ತೂಕ ಮತ್ತು ಅಳತೆಯ ಸಮಿತಿಯಿಂದ ಇವರನ್ನೂ ಲವಾಸಿಯೆ, ಲಾಪ್ಲಾಸ್, ಬೋರ್ಡಾ ಮುಂತಾದವರನ್ನೂ ತೆಗೆದುಹಾಕಿದರು. ನಾವು ಬಳಸುವ ಮೀಟರ್, ಕಿಲೋಗ್ರಾಂ ರೂಪಿಸುವ ಕೆಲಸ ಇದೇ ಸಮಿತಿಯಲ್ಲಿ ನಡೆಯುತ್ತಿತ್ತು. ರಸಾಯನಶಾಸ್ತ್ರದ ಲವಾಸಿಯೆ ಅವರನ್ನು 1794ರ ಮೇ 8ರಂದು ಗಿಲೊಟಿನ್‌ಗೆ ಕೊಟ್ಟರು. ಕೂಲಂಬ್ ಅಷ್ಟರಲ್ಲಿ ಗೆಳೆಯ ಬೋರ್ಡಾ ಜೊತೆ ಪ್ಯಾರಿಸ್ ಬಿಟ್ಟು, ಬ್ಲ್ವಾ ಎಂಬ ಊರಿನ ಹತ್ತಿರ ತಮಗಿದ್ದ ಸಣ್ಣ ಜಮೀನಿಗೆ ಹೋಗಿ ಸುಮ್ಮನಿದ್ದರು. ಕೆಲವರು ಇದನ್ನು ಹೆದರಿಕೆ ಅಂದಾರು. ಬ್ರಿಟನಿಯಲ್ಲಿ ಜೈಲಿಗೆ ಹೋಗಿಯೂ ಮಾತು ಬದಲಿಸದ ಮನುಷ್ಯನನ್ನು ಹೆದರುಪುಕ್ಕ ಅನ್ನಲು ನನಗಂತೂ ಮನಸ್ಸಿಲ್ಲ.

ಗಲಾಟೆ ತಣ್ಣಗಾದ ಮೇಲೆ, 1795ರಲ್ಲಿ ಹೊಸ ಇನ್‌ಸ್ಟಿಟ್ಯೂಟ್‌ಗೆ ಆಯ್ಕೆಯಾಗಿ ಪ್ಯಾರಿಸ್ಸಿಗೆ ಬಂದರು. 1802ರಲ್ಲಿ ಮದುವೆಯ ಶಾಸ್ತ್ರ ಮುಗಿಸಿದರು, ಆಗ ಅವರಿಗೆ ಎರಡು ಗಂಡು ಮಕ್ಕಳು ಆಗಲೇ ಇದ್ದರು. ಅದೇ ವರ್ಷದಿಂದ ಸರ್ಕಾರದ ಶಿಕ್ಷಣ ಇಲಾಖೆಯ ಮುಖ್ಯ ಇನ್ಸ್‌ಪೆಕ್ಟರರಲ್ಲಿ ಒಬ್ಬರಾಗಿ, ದೇಶದಲ್ಲಿ ಲೀಸೆ ಎಂಬ ಹೊಸ ಶಾಲೆಗಳು ತಲೆ ಎತ್ತಲು ದುಡಿದರು. ಜ್ವರದಿಂದ ಜರ್ಜರಿತವಾದ ದೇಹ ಹೊತ್ತು ಕೊನೆಯ ನಾಲ್ಕು ವರ್ಷ ಶಾಲೆಗಳಿಗಾಗಿ ಓಡಾಡಿದ್ದು, ನಮ್ಮ ಶಾಲೆಗೆ ಇನ್ಸ್‌ಪೆಕ್ಟರ್ ಬರುವಾಗ ಹೆದರುವ ನಮಗೆ ಗೊತ್ತಿರಬೇಕಾದ ವಿಷಯ. 1806ರ ಆಗಸ್ಟ್ 23ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. 1881ರಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಭೆ ಆವೇಶದ ಏಕಮಾನಕ್ಕೆ ಅವರ ಹೆಸರಿಟ್ಟಿತು. 1889ರ ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲೂ ಅವರದಿದೆ.

ಜಾಗ ಮುಗಿಯುತ್ತಾ ಬಂತು. ನಿಮಗೊಂದು ಲೆಕ್ಕ ಬಿಟ್ಟು ಹೋಗುತ್ತೇನೆ. ಒಂದು ಚೌಕದ ನಾಲ್ಕು ಮೂಲೆಯಲ್ಲೂ ಸಮ ಸಮ ಧನ ಆವೇಶ ಇಟ್ಟರೆ ನಟ್ಟನಡುವೆ ಒಟ್ಟು ಕ್ಷೇತ್ರ ಸೊನ್ನೆ, ಇದು ನೋಡಿದರೇ ಗೊತ್ತಾಗುತ್ತದೆ. ಈಗ ಒಂದು ಮೂಲೆಯದನ್ನು ಎತ್ತಿಬಿಡಿ. ನಡುವೆ ಕ್ಷೇತ್ರ ಎಷ್ಟು, ಯಾವ ದಿಕ್ಕಿಗೆ? ಮೂರನ್ನೂ ಕೂಡುತ್ತಾ ಕೂರುವ ಮೊದಲು ಸ್ವಲ್ಪ ಯೋಚಿಸಿ, ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ. ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.